ಹಾಜಬ್ಬರ ಅರಬಿ ಹಾಲಿನ ಪುಡಿ

ಹೂಡೆಯಲ್ಲಿ ಅರಬಿ ಬಲ್ಲವರು ಇಬ್ಬರಿದ್ದಾರೆ ಎಂದು ೧೯೮೩ರವರೆಗೆ ಎಲ್ಲರೂ ನಂಬಿದ್ದರು. ಒಬ್ಬರು ಮಸೀದಿಯ ಉಸ್ತಾದರು, ಇನ್ನೊಬ್ಬರು ಹಾಜಬ್ಬರು. ಉಸ್ತಾದರು ಹನ್ನೆರಡು ವರ್ಷ ಕೂತು ಆ ಭಾಷೆಯನ್ನು ಕಲಿತವರು. ಹಾಜಬ್ಬರು ಬಹರೈನಿನಲ್ಲಿ ನಲವತ್ತೊಂದು ದಿನ ಇದ್ದು ಬಂದವರು. ಆ ನಲವತ್ತೊಂದರಲ್ಲಿ ಇಪ್ಪತ್ತು ದಿನ ಅವರಿಗೆ ಜ್ವರ ಬಂದಿತ್ತು. ಉಳಿದ ದಿನಗಳನ್ನು ಒಬ್ಬ ಮಲಯಾಳಿಯ ಹೋಟೆಲಿನ ಹಿಂಬದಿಯಲ್ಲಿ ಈರುಳ್ಳಿ ಹೆಚ್ಚುತ್ತಾ ಕಳೆದಿದ್ದರು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಕೇಳುವಷ್ಟು ಒರಟರೂ ಊರಿನಲ್ಲಿ ಇರಲಿಲ್ಲ.

ಓದಲು ಮಾತ್ರ ಅವರಿಗೆ ಚೆನ್ನಾಗಿ ಬರುತ್ತಿತ್ತು. ಚಿಕ್ಕಂದಿನಲ್ಲಿ ಮದರಸದಲ್ಲಿ ಕಲಿತ ಅಕ್ಷರ, ಮರೆಯುವ ಮಾತೇ ಇಲ್ಲ. ಸೆಂಟಿನ ಬಾಟ್ಲಿಯಾಗಲಿ, ಖರ್ಜೂರದ ಪೆಟ್ಟಿಗೆಯಾಗಲಿ, ಅರಬಿ ಅಕ್ಷರ ಇದ್ದರೆ ಸಾಕು, ಕಣ್ಣುಮುಚ್ಚಿ ತೆರೆಯುವುದರೊಳಗೆ ರಾಗವಾಗಿ ಓದಿ ಮುಗಿಸುತ್ತಿದ್ದರು. ಒಂದೆರಡು ಸ್ವರ ಆಚೀಚೆ ಆದರೂ ತಿದ್ದುವವರು ಯಾರು? ಅರ್ಥ ಏನು ಎಂದು ಯಾರಾದರೂ ಕೇಳಿದರೆ ಕನ್ನಡಕ ತೆಗೆದು, ಹೆಗಲ ಮೇಲಿನ ಬೈರಾಸಿನ ತುದಿಯಿಂದ ಒರೆಸಿ, "ಅದು ಸ್ವಲ್ಪ ಆಳದ್ದು" ಎನ್ನುತ್ತಿದ್ದರು. ಕೇಳಿದವರು ತಲೆಯಲ್ಲಾಡಿಸಿ ಹೋಗುತ್ತಿದ್ದರು.

ಆ ವರ್ಷ ಹಾಜಬ್ಬರ ಮಗ ಜಲಾಲ್ ಸೌದಿಯ ಒಂದು ಹಾಲಿನ ಫಾರ್ಮಿನಲ್ಲಿ ಕೆಲಸಕ್ಕಿದ್ದ. ರಜೆಯಲ್ಲಿ ಊರಿಗೆ ಬಂದ ಕಲ್ಯಾಣಪುರದ ಜಮಾಲುದ್ದೀನ್ ಒಂದು ಬೆಳಿಗ್ಗೆ ಸೈಕಲಿನ ಕ್ಯಾರಿಯರಿನಲ್ಲಿ ಬಟ್ಟೆ ಹೊಲಿದ ಒಂದು ದೊಡ್ಡ ಡಬ್ಬಿಯನ್ನು ಕಟ್ಟಿಕೊಂಡು ಬಂದ.

"ಜಲಾಲ್ ಕೊಟ್ಟದ್ದು. ಕಾಗದ ಬೇರೆ ಹಾಕುತ್ತಾನಂತೆ. ಕಾಗದ ಬಂದ ಮೇಲೆ ತೆರೆಯಬೇಕಂತೆ" ಎಂದು ಹೇಳಿ, ಕೊಟ್ಟ ಶರಬತ್ತನ್ನು ಕುಡಿದು ಹೋದ.

ಗಲ್ಫಿನಿಂದ ಬಂದ ಡಬ್ಬಿಯನ್ನು ಕಾಗದಕ್ಕಾಗಿ ಕಾಯುತ್ತಾ ಇಡುವ ಮನೆ ಆಗ ನಮ್ಮ ಕರಾವಳಿಯಲ್ಲಿ ಒಂದೂ ಇರಲಿಲ್ಲ. ಹಾಜಬ್ಬರ ಹೆಂಡತಿ ಖತೀಜಾ ಹೊಲಿಗೆ ಬಿಚ್ಚುವಾಗಲೇ ನೆರೆಯ ದೂಮಪ್ಪಣ್ಣ, ಅವರ ಹೆಂಡತಿ ರತ್ನಾವತಿ, ಆಚೆಮನೆಯ ಖೈರುನ್ನಿಸಾ ಎಲ್ಲರೂ ಜಗಲಿಯಲ್ಲಿ ಬಂದು ಕೂತಿದ್ದರು. ಬಟ್ಟೆ ಜಾರಿತು. ಐದು ಕಿಲೋ ಹಿಡಿಯುವ ಡಬ್ಬಿ. ಒಂದು ಬದಿಯಲ್ಲಿ ತುಂಬಾ ಅರಬಿ ಅಕ್ಷರ, ಇನ್ನೊಂದು ಬದಿಯಲ್ಲಿ ಕಪ್ಪು ಬಿಳಿ ಮಚ್ಚೆಯ ಒಂದು ಕೊಬ್ಬಿದ ದನ.

ಗಲ್ಫಿನ ಡಬ್ಬಿಯ ಮೇಲೆ ದನದ ಚಿತ್ರ ಇದ್ದರೆ ಒಳಗೆ ಹಾಲಿನ ಪುಡಿ ಇರುತ್ತದೆ ಎಂಬುದು ಹೂಡೆಯ ಸಣ್ಣ ಮಗುವಿಗೂ ಗೊತ್ತಿದ್ದ ವಿಷಯ.

"ನಮಗೆ ಹಾಲಿನ ಪುಡಿ ಯಾಕೆ?" ಎಂದರು ಖತೀಜಾ. "ಹಟ್ಟಿಯಲ್ಲಿ ಜರ್ಸಿ ದನ ಉಂಟಲ್ಲ, ಹೊತ್ತಿಗೆ ನಾಲ್ಕು ಸೇರು ಕೊಡುತ್ತದೆ."

"ಅದು ಊರಿನ ಹಾಲು" ಎಂದರು ಹಾಜಬ್ಬರು.

ಅವರು ಡಬ್ಬಿಯನ್ನು ಬೆಳಕಿಗೆ ಹಿಡಿದು ಮೇಲಿನಿಂದ ಕೆಳಗಿನವರೆಗೆ ಓದಿದರು. ರಾಗ ಎಷ್ಟು ಚೆನ್ನಾಗಿತ್ತೆಂದರೆ ರತ್ನಾವತಿ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತರು.

"ಎಂತ ಬರೆದಿದ್ದಾರೆ ಬ್ಯಾರಿಗಳೇ?" ಎಂದು ಕೇಳಿದರು ದೂಮಪ್ಪಣ್ಣ.

ಹಾಜಬ್ಬರ ಕೈ ಕನ್ನಡಕದತ್ತ ಹೋಯಿತು. ಆದರೆ ಮಗ ಕಳುಹಿಸಿದ ಡಬ್ಬಿ, ಎದುರಿಗೆ ಇಷ್ಟು ಜನ. ಬರೇ ಆಳದ್ದು ಎಂದರೆ ಇವತ್ತು ಸಾಲದು ಎಂದು ಅವರಿಗೆ ತೋರಿತು.

"ಫಸ್ಟ್ ಕ್ಲಾಸ್ ಹಾಲು ಎಂದು ಬರೆದಿದ್ದಾರೆ. ಮುದುಕರಿಗೆ ಒಳ್ಳೆಯದಂತೆ. ಬಸುರಿ ಹೆಂಗಸರಿಗಂತೂ ಬಹಳ ವಿಶೇಷ."

ಬಸುರಿ ಎಂಬ ಮಾತು ರತ್ನಾವತಿಗಾಗಿ ಬಂದದ್ದು. ಅವರ ಒಬ್ಬಳೇ ಮಗಳು ನಳಿನಾಕ್ಷಿಗೆ ಆಗ ಆರು ತಿಂಗಳು. ಮದುವೆಯಾಗಿ ಕಾಪುವಿನಲ್ಲಿದ್ದಳು. ಹಾಜಬ್ಬರಿಗೆ ಆ ಹುಡುಗಿಯ ಮೇಲೆ ಸ್ವಂತ ಮಗಳಷ್ಟೇ ಪ್ರೀತಿ. ಜಲಾಲನಿಗೆ ಹೋಗುವ ಕಾಗದಗಳ ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಬರೆದು ಕೊಡುತ್ತಿದ್ದದ್ದು ಅವಳೇ. ಹಾಗಾಗಿ ಡಬ್ಬಿಯ ಮುಚ್ಚಳ ತೆರೆದ ಕೂಡಲೇ ಒಂದು ಖಾಲಿ ಹಾರ್ಲಿಕ್ಸ್ ಬಾಟ್ಲಿ ತೊಳೆದು ಒರೆಸಿ, ಕುತ್ತಿಗೆಯವರೆಗೆ ಪುಡಿ ತುಂಬಿಸಿ ರತ್ನಾವತಿಯ ಕೈಗೆ ಕೊಟ್ಟರು.

"ಬೆಳಿಗ್ಗೆ ಎರಡು ಚಮಚ, ಸಂಜೆ ಎರಡು ಚಮಚ ಕುಡಿಯಲಿಕ್ಕೆ ಹೇಳಿ. ಮಗು ಕಲ್ಲಿನ ಹಾಗೆ ಗಟ್ಟಿ ಹುಟ್ಟುತ್ತದೆ."

ಖೈರುನ್ನಿಸಾರಿಗೂ ಒಂದು ಸಣ್ಣ ಡಬ್ಬಿಯಲ್ಲಿ ಪುಡಿ ಹಾಕಿ ಕೊಟ್ಟರು. ಆಮೇಲೆ ಎಲ್ಲರಿಗೂ ಚಹಾ ಆಯಿತು. ಪುಡಿ ಕರಗಲಿಲ್ಲ. ಚಹಾ ಬೂದಿಯ ಬಣ್ಣಕ್ಕೆ ತಿರುಗಿತು. ಲೋಟದ ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಕೆಸರು ಕೂತಿತು. ಖತೀಜಾ ಒಂದು ಗುಟುಕು ಕುಡಿದು, "ಸುಣ್ಣದ ವಾಸನೆ" ಎಂದು ಲೋಟ ಕೆಳಗಿಟ್ಟರು. ಅತಿಥಿಗಳು ಹಾಗೆ ಹೇಳುವಂತಿಲ್ಲ.

"ಒಳ್ಳೇ... ಘನ ಉಂಟು" ಎಂದರು ದೂಮಪ್ಪಣ್ಣ.

"ಹಲ್ಲಿಗೂ ಸ್ವಲ್ಪ ಕೆಲಸ ಸಿಗುತ್ತದೆ" ಎಂದರು ಖೈರುನ್ನಿಸಾ, ಸೆರಗಿನ ಮರೆಯಲ್ಲಿ ಬಾಯಿ ಒರೆಸುತ್ತಾ.

"ಅಸಲಿ ಹಾಲು ಹಾಗೆಯೇ, ಕೂರುತ್ತದೆ" ಎಂದು ಹಾಜಬ್ಬರು ತಳದ ಕೆಸರನ್ನು ಚಮಚದಿಂದ ಕೆರೆದು ತಿಂದರು. ಅವತ್ತಿನಿಂದ ಅವರು ದಿನಕ್ಕೆ ಮೂರು ಸಲ, ಸಲಕ್ಕೆ ಎರಡು ಚಮಚದಂತೆ, ತಪ್ಪದೆ ಕುಡಿದರು. ಜರ್ಸಿ ದನದ ಹಾಲು ಪೂರ್ತಿ ಡೈರಿಗೆ ಹೋಯಿತು. ಒಂದು ವಾರ ಕಳೆಯುವಷ್ಟರಲ್ಲಿ ಅವರಿಗೆ ಬೆಳಗಿನ ಕೆಲಸ ಸರಿಯಾಗಿ ಆಗದೆ ಹೊಟ್ಟೆ ಕಲ್ಲಾಯಿತು. ಅದಕ್ಕೆ ಹಲಸಿನಕಾಯಿಯ ಪಲ್ಯವೇ ಕಾರಣ ಎಂದು ತೀರ್ಮಾನಿಸಿ ಪಲ್ಯ ಬಿಟ್ಟರು. ಪುಡಿ ಬಿಡಲಿಲ್ಲ.

ಹದಿನೆಂಟನೆಯ ದಿನ ಅಂಚೆಯ ಡೆನಿಸ್ ಕಾಗದ ತಂದ. ಗಲ್ಫಿನ ಕಾಗದ ತಂದರೆ ಜಗಲಿಯಲ್ಲಿ ಕೂತು ಸುದ್ದಿ ಕೇಳಿಕೊಂಡೇ ಹೋಗುವುದು ಡೆನಿಸನ ಪದ್ಧತಿ. ಹಾಜಬ್ಬರು ಗಟ್ಟಿಯಾಗಿ ಓದತೊಡಗಿದರು.

"ಪ್ರೀತಿಯ ಬಾಪನವರಿಗೆ ಮಗ ಜಲಾಲ್ ಮಾಡುವ ಸಲಾಂ. ಜಮಾಲುದ್ದೀನನ ಕೈಯಲ್ಲಿ ಕಳುಹಿಸಿದ ಡಬ್ಬಿ ಸಿಕ್ಕಿರಬಹುದು. ಅದು ನಮ್ಮ..."

ಇಲ್ಲಿಗೆ ಅವರ ಸ್ವರ ನಿಂತಿತು.

"ಅದು ನಮ್ಮ?" ಎಂದ ಡೆನಿಸ್.

"ಅದು ನಮ್ಮ ಮನೆಗೆ ಬಹಳ ಒಳ್ಳೆಯದು ಎಂದು ಬರೆದಿದ್ದಾನೆ. ನಿನಗೆ ಬೇರೆ ಮನೆಗಳಿಗೆ ಹೋಗಲಿಕ್ಕೆ ಇಲ್ವಾ ಮಾರಾಯ?"

ಡೆನಿಸ್ ಬೇಸರದಿಂದ ಸೈಕಲ್ ಹತ್ತಿದ. ಕಾಗದದಲ್ಲಿ ಇದ್ದದ್ದು ಇಷ್ಟು: ಅದು ನಮ್ಮ ದನಕ್ಕೆ, ಬಾಪಾ. ಕ್ಯಾಲ್ಸಿಯಂ ಮತ್ತು ರಂಜಕದ ಪುಡಿ. ಹಾಲು ಕೊಡುವ ದನದ ಮೂಳೆಯ ಸತ್ವ ಹಾಲಿನಲ್ಲಿ ಹೋಗುತ್ತದೆ, ಅದನ್ನು ತುಂಬಲಿಕ್ಕೆ ಇಲ್ಲಿ ಫಾರ್ಮಿನಲ್ಲಿ ಕೊಡುತ್ತೇವೆ. ದಿನಕ್ಕೆ ಒಂದು ಸಣ್ಣ ಹಿಡಿ, ಹಿಂಡಿಯಲ್ಲಿ ಕಲಸಿ. ಜಾಸ್ತಿ ಹಾಕಿದರೆ ಜಾಸ್ತಿ ಹಾಲು ಬರುತ್ತದೆ ಎಂದು ಹಾಕಬೇಡಿ, ತೊಂದರೆಯಾಗುತ್ತದೆ. ಗಬ್ಬ ಇದ್ದರೆ ಕರು ಹಾಕುವ ಹಿಂದಿನ ತಿಂಗಳು ಕೊಡುವುದು ಬೇಡ. ಏನಿದ್ದರೂ ದನದ ಡಾಕ್ಟರನ್ನು ಒಮ್ಮೆ ಕೇಳಿ. ಮನುಷ್ಯರು ತಿನ್ನುವಂಥದ್ದಲ್ಲ ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಡಬ್ಬಿಯ ಮೇಲೆ ಅರಬಿಯಲ್ಲಿ ದೊಡ್ಡ ಅಕ್ಷರದಲ್ಲೇ ಬರೆದಿದೆ, ನೀವು ಓದಿರುತ್ತೀರಿ.

ಹಾಜಬ್ಬರು ಕಾಗದವನ್ನು ಖತೀಜಾರ ಮುಂದಿಟ್ಟರು. ಖತೀಜಾ ಮೆಲ್ಲನೆ ಓದಿ ಮುಗಿಸಿದರು. ನಗು ಬರುವ ಹೊತ್ತಿಗೆ ಇಬ್ಬರ ಬಾಯಿಯಿಂದಲೂ ಒಂದೇ ಹೆಸರು ಬಂತು.

"ನಳಿನಿ!"

"ಆ ಹುಡುಗಿ ದಿನಾ ಕುಡಿಯುತ್ತಾ ಇರಬಹುದು" ಎಂದರು ಖತೀಜಾ. "ಹೊಟ್ಟೆಯಲ್ಲಿ ಮಗು ಉಂಟು. ನಡೆಯಿರಿ, ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬನ್ನಿ."

ಹಾಜಬ್ಬರು ಶರಟು ಹಾಕಿಕೊಂಡರು. "ಇವತ್ತು ಸಂಜೆ ಅವಳ ಬಾಯಿಗೆ ಒಂದು ಚಮಚವೂ ಹೋಗಲಿಕ್ಕೆ ಬಿಡುವುದಿಲ್ಲ. ಆದರೆ ಇದ್ದ ಹಾಗೆ ಯಾಕೆ ಹೇಳಬೇಕು? ಪುಡಿ ವಾಪಸ್ ತಂದರೆ ಸಾಕಲ್ಲ. ಅರಬಿಯ ಮಾತು ಮಧ್ಯದಲ್ಲಿ ಬೇಡ."

ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಮೊದಲು ಖೈರುನ್ನಿಸಾರ ಮನೆಗೆ ಹೋದರು. "ಆ ಪುಡಿ ಸ್ವಲ್ಪ ವಾಪಸ್ ಬೇಕಿತ್ತು" ಎನ್ನುವುದರೊಳಗೆ ಖೈರುನ್ನಿಸಾ ಒಳಗೆ ಹೋಗಿ, ಕೊಟ್ಟ ಡಬ್ಬಿಯನ್ನು ಕೊಟ್ಟ ಹಾಗೆಯೇ ತಂದು ಅವರ ಕೈಯಲ್ಲಿಟ್ಟು, "ನಿಮಗೇ ಕಡಿಮೆಯಾಯಿತಾ? ಪಾಪ, ತೆಗೆದುಕೊಂಡು ಹೋಗಿ" ಎಂದು ಬಾಗಿಲು ಹಾಕಿಕೊಂಡರು.

ದೂಮಪ್ಪಣ್ಣನ ಮನೆಯಲ್ಲಿ ಕೆಲಸ ಅಷ್ಟು ಸುಲಭವಾಗಲಿಲ್ಲ. ಅವರು ಅಂಗಳದಲ್ಲಿ ಕೂತು ಬಲೆಯ ಹರಿದ ಕಣ್ಣು ಹೊಲಿಯುತ್ತಿದ್ದರು.

"ನಳಿನಿಗೆ ಕೊಟ್ಟ ಪುಡಿ ವಾಪಸ್ಸಾ?" ಬಲೆಯ ಸೂಜಿ ಅರ್ಧದಲ್ಲಿ ನಿಂತಿತು. "ಬಸುರಿ ಹೆಂಗಸಿಗೆ ಕೊಟ್ಟದ್ದನ್ನು ವಾಪಸ್ ಕೇಳುವುದಾ ಬ್ಯಾರಿಗಳೇ? ನಿಮಗೆ ಎಂತ ಆಗಿದೆ?"

"ಜಲಾಲ್ ಬರೆದಿದ್ದಾನೆ. ನಮಗೇ ಬೇಕಂತೆ."

"ನಿಮ್ಮ ಹಟ್ಟಿಯಲ್ಲಿ ದನ ಉಂಟು!"

"ಅದಕ್ಕೇ" ಎಂದುಬಿಟ್ಟು, ತುಟಿ ಕಚ್ಚಿಕೊಂಡರು ಹಾಜಬ್ಬರು.

ದೂಮಪ್ಪಣ್ಣ ಎದ್ದು ಬಲೆ ಕೊಡವಿದರು. ಮೂವತ್ತು ವರ್ಷದ ನೆರೆಯವರು. ಹಬ್ಬಕ್ಕೆ ಆಚೆಯಿಂದ ಬಿರಿಯಾನಿ, ಈಚೆಯಿಂದ ಕಡುಬು ಒಮ್ಮೆಯೂ ತಪ್ಪಿದ್ದಿಲ್ಲ. "ನಾನೂ ಬರುತ್ತೇನೆ. ಅದು ಮಗಳ ಅತ್ತೆಯ ಮನೆ, ಅಲ್ಲಿ ನನಗೂ ಮರ್ಯಾದೆ ಉಂಟು. ನೀವು ಒಬ್ಬರೇ ಹೋಗಿ ಹಾಲಿನ ಪುಡಿ ಕೇಳಿದರೆ ನಾನು ಇನ್ನು ಕಾಪುವಿನಲ್ಲಿ ಬಸ್ಸು ಇಳಿಯುವ ಹಾಗಿಲ್ಲ."

ಹೂಡೆಯಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಕಾಪುವಿಗೆ ಇನ್ನೊಂದು. ಆ ಎರಡನೆಯ ಬಸ್ಸಿನ ಕಂಡಕ್ಟರ್ ಆಂಟನಿ ಎಲ್ಲರ ಸುಖದುಃಖ ವಿಚಾರಿಸದೆ ಟಿಕೆಟ್ ಹರಿದವನೇ ಅಲ್ಲ.

"ಇಬ್ಬರು ಹಿರಿಯರು ಒಟ್ಟಿಗೆ ಕಾಪುವಿಗೆ? ಎಂತ, ಮದುವೆ ಮಾತುಕತೆಯಾ?"

"ಒಂದು ಬಾಟ್ಲಿ ಹಾಲಿನ ಪುಡಿ ವಾಪಸ್ ತರಲಿಕ್ಕೆ" ಎಂದರು ದೂಮಪ್ಪಣ್ಣ ಕಹಿಯಾಗಿ. "ಗಲ್ಫಿನದ್ದು."

ಆಂಟನಿ ಯೋಚಿಸಿದ. ಒಂದು ಬಾಟ್ಲಿ ಹಾಲಿನ ಪುಡಿಗೆ ಎರಡು ಬಸ್ಸು ಹತ್ತಿ ಬರುವವರು ಲೋಕದಲ್ಲಿ ಇಲ್ಲ. ಅದು ಗಲ್ಫಿನದ್ದು ಬೇರೆ. ಎದುರಿನ ಸೀಟಿನವನ ಕಿವಿಯಲ್ಲಿ ಅವನು ಒಂದೇ ಮಾತು ಹೇಳಿದ: "ಪುಡಿಯ ಒಳಗೆ ಬೇರೆ ಎಂತದೋ ಉಂಟು." ಆ ಕಾಲದಲ್ಲಿ ಗಲ್ಫಿನಿಂದ ಬಂದ ವಸ್ತುವಿನೊಳಗೆ ಬೇರೆ ಎಂತದೋ ಇದ್ದರೆ ಅದು ಏನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಉದ್ಯಾವರದ ಸೇತುವೆ ದಾಟುವಾಗ ಒಂದು ಬಿಸ್ಕತ್ತು ಚಿನ್ನ ಇದ್ದದ್ದು ಕಟಪಾಡಿಯಲ್ಲಿ ನಾಲ್ಕಾಯಿತು. ಕಾಪುವಿನಲ್ಲಿ ಇವರಿಬ್ಬರು ಇಳಿದಾಗ ಅಲ್ಲಿ ಇಳಿಯಬೇಕಾಗಿಲ್ಲದ ಏಳು ಜನರೂ ಇಳಿದರು.

ನಳಿನಾಕ್ಷಿಯ ಅತ್ತೆ ಸುಗಂಧಿಯಮ್ಮ ಅಂಗಳದಲ್ಲಿ ಒಣಮೀನು ಹರಡುತ್ತಿದ್ದರು. ಬೀಗರನ್ನು ಕಂಡು ಸಂತೋಷಪಟ್ಟರು. ಹಿಂದೆ ಬಂದ ಏಳು ಜನರನ್ನು ಕಂಡು ಗಾಬರಿಯಾದರು.

"ನಳಿನಿ ಎಲ್ಲಿ?" ಎಂದರು ಹಾಜಬ್ಬರು. ಕುಶಲ ಕೇಳುವಷ್ಟೂ ಪುರುಸೊತ್ತಿರಲಿಲ್ಲ.

"ಬೆಳಿಗ್ಗೆ ಕಾರ್ಕಳಕ್ಕೆ ಹೋದಳು. ಅಲ್ಲಿ ನನ್ನ ಮಗಳು ಸರಸ ಇದ್ದಾಳಲ್ಲ, ಅವಳ ಮನೆಯ ಹತ್ತಿರವೇ ಲೇಡಿ ಡಾಕ್ಟರ್. ತೋರಿಸಿಕೊಂಡು ಎರಡು ದಿನ ಇದ್ದು ಬರುತ್ತಾಳೆ. ನೀವು ಕೊಟ್ಟ ಪುಡಿ ಅರ್ಧ ಕಟ್ಟಿ ಕಳುಹಿಸಿದ್ದೇನೆ. ಅಲ್ಲಿಯೂ ತಪ್ಪಿಸಬಾರದು, ಬೆಳಿಗ್ಗೆ ಸಂಜೆ ಕುಡಿಯಲೇಬೇಕು ಎಂದಿದ್ದೇನೆ. ನನ್ನ ಮಾತು ಅವಳು ಮೀರುವುದಿಲ್ಲ."

ಹಾಜಬ್ಬರು ಒಂದು ಹೆಜ್ಜೆ ಮುಂದೆ ಬಂದರು. "ಉಳಿದ ಅರ್ಧ?"

"ಒಳಗೆ ಉಂಟು."

"ಅದನ್ನು ಕೊಡಿ. ನಾವು ಕಾರ್ಕಳಕ್ಕೆ ಹೋಗುತ್ತೇವೆ, ಅಲ್ಲಿಯದ್ದನ್ನೂ ತೆಗೆದುಕೊಳ್ಳಬೇಕು."

ಹಿಂದೆ ಇದ್ದ ಏಳು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಗಂಧಿಯಮ್ಮನ ಮುಖ ಕೆಂಪಾಯಿತು. ಆದರೂ ಬಾಟ್ಲಿ ತರಲು ಒಳಗೆ ಹೋದರು. ಅಷ್ಟರಲ್ಲಿ ಪಕ್ಕದ ಮನೆಯಿಂದ ಕರುಣಾಕರ ಬಂದರು. ಕಸ್ಟಮ್ಸಿನಲ್ಲಿ ಜವಾನರಾಗಿ ಇಪ್ಪತ್ತೆಂಟು ವರ್ಷ ಇದ್ದು ನಿವೃತ್ತರಾದವರು. ಸಾಹೇಬರು ಪೆಟ್ಟಿಗೆ ತೆರೆಸುವಾಗ ಬಾಗಿಲಲ್ಲಿ ನಿಲ್ಲುವುದು ಅವರ ಕೆಲಸವಾಗಿತ್ತು. ಒಮ್ಮೆಯಾದರೂ ತಾನೇ ತೆರೆಯಬೇಕೆಂಬ ಆಸೆ ಹಾಗೆಯೇ ಉಳಿದಿತ್ತು.

"ಯಾರೂ ಮುಟ್ಟಬೇಡಿ" ಎಂದರು ಕರುಣಾಕರ. "ಸುಗಂಧಿಯಕ್ಕ, ಒಂದು ಜರಡಿ ತನ್ನಿ. ಒಂದು ಹರಿವಾಣ ತನ್ನಿ."

ಬಾಟ್ಲಿಯನ್ನು ಅವರು ಮೂರು ಸಲ ತಿರುಗಿಸಿ ನೋಡಿದರು. ಕಿವಿಗೆ ಹಿಡಿದು ಅಲ್ಲಾಡಿಸಿದರು. ಆಮೇಲೆ ಜರಡಿಗೆ ಸುರಿದು ಹಿಡಿಯತೊಡಗಿದರು. ಪುಡಿ ಹಾರಿ ಎಲ್ಲರ ಹುಬ್ಬು ಬಿಳಿಯಾಯಿತು. ಚಿನ್ನ ಬೀಳಲಿಲ್ಲ. ಜರಡಿಯಲ್ಲಿ ಕಡಲೆಯ ಗಾತ್ರದ ಆರು ಬಿಳಿ ಗಟ್ಟಿಗಳು ಉಳಿದವು.

"ಹರಳು!" ಎಂದರು ಯಾರೋ.

"ವಜ್ರ ಹೊಳೆಯುವುದು ಪಾಲಿಶ್ ಮಾಡಿದ ಮೇಲೆ" ಎಂದರು ಇನ್ನೊಬ್ಬರು, ಬಲ್ಲವರ ಹಾಗೆ.

ಕರುಣಾಕರ ಆರು ಗಟ್ಟಿಗಳನ್ನು ಕರವಸ್ತ್ರದಲ್ಲಿ ಕಟ್ಟಿದರು. "ಇದು ನನ್ನ ಕೈಯಲ್ಲಿ ತೀರ್ಮಾನವಾಗುವಂಥದ್ದಲ್ಲ. ಮಂಗಳೂರಿಗೆ ಹೋಗಬೇಕು. ಸಾಹೇಬರು ಊಟ ಮುಗಿಸಿ ಮೂರು ಗಂಟೆಗೆ ಬರುತ್ತಾರೆ. ಅಲ್ಲಿಯವರೆಗೆ ಈ ಇಬ್ಬರು ಇಲ್ಲಿಂದ ಅಲುಗಬಾರದು."

"ನಾನೂ?" ಎಂದರು ದೂಮಪ್ಪಣ್ಣ. "ಬ್ಯಾರಿಗಳೇ, ಇದು ಎಂತ ಕರ್ಮ? ಆ ಪುಡಿಯಲ್ಲಿ ಎಂತ ಉಂಟು? ಬಾಯಿ ಬಿಡಿ!"

ಗೋಡೆಯ ಗಡಿಯಾರದಲ್ಲಿ ಒಂದೂವರೆ. ಮಂಗಳೂರು ಒಂದು ದಿಕ್ಕು, ಕಾರ್ಕಳ ಇನ್ನೊಂದು ದಿಕ್ಕು. ಸಂಜೆಗೆ ಹುಡುಗಿ ಲೋಟ ಎತ್ತುತ್ತಾಳೆ, ಅತ್ತೆಯ ಮಾತು ಮೀರುವವಳಲ್ಲ. ಹಾಜಬ್ಬರು ತಲೆಯ ಟೊಪ್ಪಿ ತೆಗೆದು ಸರಿಯಾಗಿ ಇಟ್ಟುಕೊಂಡರು, ಸಭೆಯಲ್ಲಿ ಭಾಷಣಕ್ಕೆ ಎದ್ದವರ ಹಾಗೆ.

"ಇದು ಚಿನ್ನ ಅಲ್ಲ, ಹರಳು ಅಲ್ಲ. ಹಾಲಿನ ಪುಡಿಯೂ ಅಲ್ಲ. ಇದು ದನಕ್ಕೆ ಹಿಂಡಿಯಲ್ಲಿ ಕಲಸಿ ಕೊಡುವ ಪುಡಿ. ನನ್ನ ಮಗ ನನ್ನ ದನಕ್ಕೆ ಕಳುಹಿಸಿದ್ದು. ನಾನು ಡಬ್ಬಿ ಓದಿ ಹಾಲು ಎಂದೆ. ನನಗೆ ಅರಬಿ ಓದಲಿಕ್ಕೆ ಬರುತ್ತದೆ. ಅರ್ಥ ಒಂದು ಶಬ್ದದ್ದೂ ಗೊತ್ತಿಲ್ಲ. ಮೊದಲೂ ಗೊತ್ತಿರಲಿಲ್ಲ, ಬಹರೈನಿನಲ್ಲಿಯೂ ಗೊತ್ತಾಗಲಿಲ್ಲ. ಅಲ್ಲಿ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಇನ್ನು ನಮ್ಮನ್ನು ಕಾರ್ಕಳಕ್ಕೆ ಬಿಡಿ."

ಜೇಬಿನಿಂದ ಕಾಗದ ತೆಗೆದು ಕರುಣಾಕರರ ಮುಂದೆ ಹಿಡಿದರು. ಕರುಣಾಕರ ಗಟ್ಟಿಯಾಗಿ ಓದಿದರು. "ಮನುಷ್ಯರು ತಿನ್ನುವಂಥದ್ದಲ್ಲ" ಎಂಬಲ್ಲಿಗೆ ಬಂದಾಗ ಹರಿವಾಣದ ಸುತ್ತ ನಿಂತವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು.

ಎಲ್ಲರೂ ನಗುತ್ತಾರೆ ಎಂದು ಹಾಜಬ್ಬರು ತಲೆ ತಗ್ಗಿಸಿ ನಿಂತಿದ್ದರು. ಯಾರೂ ನಗಲಿಲ್ಲ. ವಜ್ರದ ಪಾಲಿಶಿನ ಬಗ್ಗೆ ಹೇಳಿದವನೇ ರಸ್ತೆಗೆ ಓಡಿ, ಪಡುಬಿದ್ರಿ ಕಡೆಗೆ ಹೊರಟಿದ್ದ ಬಸ್ಸಿನ ಎದುರು ಎರಡು ಕೈ ಎತ್ತಿ ನಿಂತ. ಸುಗಂಧಿಯಮ್ಮ ಹುಬ್ಬಿನ ಪುಡಿ ಒರೆಸಿಕೊಂಡು, "ಅಯ್ಯೋ ದೇವರೇ, ನಾನೇ ಒತ್ತಾಯ ಮಾಡಿ ಕುಡಿಸಿದೆ. ಓಡಿ, ಓಡಿ" ಎಂದು ಇಬ್ಬರ ಕೈಗೂ ಎರಡೆರಡು ಬಾಳೆಹಣ್ಣು ತುರುಕಿದರು. ಕರುಣಾಕರ ಹರಿವಾಣದ ಪುಡಿಯನ್ನು ಬಾಟ್ಲಿಗೆ ತುಂಬಿಸಿ, ಕರವಸ್ತ್ರ ಬಿಚ್ಚಿ ಆರು ಗಟ್ಟಿಗಳನ್ನು ಎಣಿಸಿ ಅದರೊಳಗೆ ಹಾಕಿ, ನಿಯಮದ ಪ್ರಕಾರ ಮಾಲನ್ನು ವಾಪಸ್ ಕೊಟ್ಟರು.

ಮಾತಾಡದೆ ಹೋದವರು ದೂಮಪ್ಪಣ್ಣ ಒಬ್ಬರೇ. ಪಡುಬಿದ್ರಿಯವರೆಗೆ ಮಾತಿಲ್ಲ. ಅಲ್ಲಿ ಕಾರ್ಕಳದ ಬಸ್ಸು ಹತ್ತಿದ ಮೇಲೂ ಮಾತಿಲ್ಲ. ಬೆಳ್ಮಣ್ಣಿನ ಏರಿನಲ್ಲಿ ಹಾಜಬ್ಬರು, "ದೂಮಪ್ಪಣ್ಣ, ನನಗೆ ಬಯ್ಯಿರಿ" ಎಂದರು. ದೂಮಪ್ಪಣ್ಣ ಕಿಟಕಿಯ ಹೊರಗೆ ನೋಡಿದರು. ಕಂಡಕ್ಟರ್ ಬಂದಾಗ ಮಾತ್ರ ಎರಡು ಬೆರಳು ತೋರಿಸಿ ಇಬ್ಬರ ಟಿಕೆಟನ್ನೂ ತೆಗೆದುಕೊಂಡರು. ಬಿಸಿಲು ಬೀಳುವ ಬದಿಗೆ ತಾನು ಸರಿದು ಕೂತರು. ಮಾತು ಮಾತ್ರ ಇಲ್ಲ.

ಸರಸಳ ಮನೆಯ ಗೇಟು ತಲುಪಿದಾಗ ಗಂಟೆ ನಾಲ್ಕು. ನಳಿನಾಕ್ಷಿ ಜಗಲಿಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಕೈಯಲ್ಲಿ ಸ್ಟೀಲಿನ ಲೋಟ. ಲೋಟ ತುಟಿಯ ಹತ್ತಿರ ಹೋಗುತ್ತಿತ್ತು.

ಅರುವತ್ತೆರಡು ವರ್ಷದ ಹಾಜಬ್ಬರು ಗೇಟು ತೆರೆಯಲಿಲ್ಲ, ಹಾರಿದರು. "ಬೇಡ! ಕುಡಿಯಬೇಡ ಮಗಾ! ಅದು ದನದ್ದು!"

ಲೋಟ ಅವರ ಕೈಯ ಏಟಿಗೆ ಹಾರಿ, ಹಿಂದೆಯೇ ಗೇಟು ತೆರೆದು ಓಡಿಬಂದಿದ್ದ ದೂಮಪ್ಪಣ್ಣನ ಎದೆಗೆ ಬಡಿಯಿತು. ಬಿಳಿ ಶರಟು ಕಂದಾಯಿತು.

"ಅಪ್ಪಾ! ಹಾಜಬ್ಬಾಕ! ಎಂತ ಇದು?" ನಳಿನಾಕ್ಷಿ ಎದ್ದು ನಿಂತಳು. "ಅದು ರಾಗಿ ಅಂಬಲಿ. ಸರಸಕ್ಕ ಮಾಡಿದ್ದು."

ಹಾಜಬ್ಬರು ಜಗಲಿಯ ಮೆಟ್ಟಿಲಲ್ಲಿ ಕುಸಿದು ಕೂತರು. ಕಾಪುವಿನಲ್ಲಿ ಒಮ್ಮೆ ಹೇಳಿ ಅಭ್ಯಾಸವಾದ್ದರಿಂದ ಈ ಸಲ ಬೇಗ ಹೇಳಿ ಮುಗಿಸಿದರು. "ಎಷ್ಟು ಕುಡಿದಿದ್ದೀ ಮಗಾ? ನಿಜ ಹೇಳು."

ನಳಿನಾಕ್ಷಿ ತಲೆ ತಗ್ಗಿಸಿದಳು. "ಒಂದು ಚಮಚವೂ ಇಲ್ಲ, ಹಾಜಬ್ಬಾಕ. ಮೊದಲ ದಿನ ನಾಲಿಗೆಗೆ ಮುಟ್ಟಿಸಿದೆ, ಸುಣ್ಣದ ಹಾಗೆ ಉಂಟು. ಅತ್ತೆಯ ಎದುರು ಲೋಟ ಎತ್ತುತ್ತಿದ್ದೆ, ಅವರು ಆಚೆ ತಿರುಗಿದಾಗ ತೆಂಗಿನ ಬುಡಕ್ಕೆ ಹೊಯ್ಯುತ್ತಿದ್ದೆ. ನೀವು ಪ್ರೀತಿಯಿಂದ ಕೊಟ್ಟದ್ದು, ಬೇಡ ಎಂದು ಹೇಳಿ ಕಳುಹಿಸಲಿಕ್ಕೆ ಮನಸ್ಸು ಬರಲಿಲ್ಲ. ಇವತ್ತು ಪುಡಿಯನ್ನು ಡಾಕ್ಟರಿಗೂ ತೋರಿಸಿದೆ. ಲೇಬಲ್ ಇಲ್ಲದ್ದನ್ನು, ಯಾರು ಕೊಟ್ಟರೂ, ಈ ಸಮಯದಲ್ಲಿ ಬಾಯಿಗೆ ಹಾಕಬಾರದು ಎಂದರು. ನನಗೆ ಬೇಕಾದ ಕ್ಯಾಲ್ಸಿಯಂ ಮಾತ್ರೆ ಅವರೇ ಕೊಟ್ಟಿದ್ದಾರೆ. ಊಟದ ಮೇಲೆ ಒಂದೊಂದೇ ತೆಗೆದುಕೊಳ್ಳಬೇಕು, ರಕ್ತದ ಕೆಂಪು ಮಾತ್ರೆಯ ಜೊತೆಗೆ ನುಂಗಬಾರದು, ಬೇರೆ ಹೊತ್ತಿಗೆ."

ಹಾಜಬ್ಬರು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡರು. ಭುಜ ಅಲ್ಲಾಡಿತು. ಅಳುವೋ ನಗುವೋ ಎಂದು ಯಾರಿಗೂ ತಿಳಿಯಲಿಲ್ಲ.

"ಅಬ್ಬ, ಯಾರೂ ತಿನ್ನಲಿಲ್ಲ" ಎಂದರು ಕೊನೆಗೆ.

"ನೀವು?" ಎಂದಳು ನಳಿನಾಕ್ಷಿ.

"ನಾನು ಎಂತ?"

"ನೀವು ತಿಂದಿರಾ?"

ಬೆಳಗಿನಿಂದ ನಾಲ್ಕು ಬಸ್ಸು ಹತ್ತಿ, ಒಂದು ಊರಿನ ಎದುರು ಮರ್ಯಾದೆ ಕಳೆದುಕೊಂಡು, ಒಂದು ಗೇಟು ಹಾರಿ ಬಂದ ಮನುಷ್ಯನಿಗೆ ಈ ಪ್ರಶ್ನೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅವರು ಮೆಲ್ಲನೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. ನಳಿನಾಕ್ಷಿ ಮತ್ತೇನೂ ಕೇಳದೆ ಚಪ್ಪಲಿ ಹಾಕಿಕೊಂಡಳು.

"ಏಳಿ. ಡಾಕ್ಟರ್ ಐದು ಗಂಟೆಯವರೆಗೆ ಇರುತ್ತಾರೆ."

"ಅದು ಹೆರಿಗೆ ಆಸ್ಪತ್ರೆ ಅಲ್ವಾ ಮಗಾ? ನಾನು ಹೂಡೆಗೆ ಹೋಗಿ ಅಲ್ಲಿಯೇ..."

"ಏಳಿ ಎಂದೆ."

ಸುಗಂಧಿಯಮ್ಮ ಈ ಸ್ವರವನ್ನು ಕೇಳಿದ್ದರೆ ಸೊಸೆ ತನ್ನ ಮಾತು ಮೀರುವುದಿಲ್ಲ ಎಂದು ಹೇಳುತ್ತಿರಲಿಲ್ಲ. ಹಾಜಬ್ಬರು ಎದ್ದರು. ಮುಂದೆ ಆರು ತಿಂಗಳ ಬಸುರಿ, ಮಧ್ಯದಲ್ಲಿ ಟೊಪ್ಪಿ ಹಿಡಿದ ಹಾಜಬ್ಬರು, ಹಿಂದೆ ಎದೆಯಲ್ಲಿ ಅಂಬಲಿ ಹೊತ್ತ ದೂಮಪ್ಪಣ್ಣ.

ಹೆರಿಗೆ ಆಸ್ಪತ್ರೆಯ ಉದ್ದದ ಬೆಂಚಿನಲ್ಲಿ ಒಂಬತ್ತು ಮಂದಿ ಬಸುರಿಯರು ಕೂತಿದ್ದರು. ಹಾಜಬ್ಬರನ್ನು ಕಂಡು ಅವರಲ್ಲಿ ಒಬ್ಬಳು, ಮುಖದಲ್ಲಿ ಬೆವರು ಕಂಡಳೋ ಏನೋ, ಏನೂ ಕೇಳದೆ ಸರಿದು ಜಾಗ ಕೊಟ್ಟಳು. ಅವರು ಕೂತರು. ನಳಿನಾಕ್ಷಿ ಹೊರಗೆ ಬಂದ ಡಾಕ್ಟರಮ್ಮನನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿ ಎಲ್ಲ ಹೇಳಿದಳು. ಡಾಕ್ಟರಮ್ಮ ಕಾಗದ ಓದಿದರು, ಬಾಟ್ಲಿಯ ಪುಡಿಯನ್ನು ಅಂಗೈಗೆ ಸುರಿದು ನೋಡಿದರು.

"ದನದ ತೂಕ ಎಷ್ಟು, ನಿಮ್ಮ ತೂಕ ಎಷ್ಟು? ದನಕ್ಕೆ ಮಾಡಿದ್ದನ್ನು ಮನುಷ್ಯರಿಗೆ ಬೇಕಾದಷ್ಟು ಶುದ್ಧ ಮಾಡಿರುವುದಿಲ್ಲ. ಮೂಳೆಗೆ ಒಳ್ಳೆಯದು ಎಂದರೆ ಎಷ್ಟು ತಿಂದರೂ ಒಳ್ಳೆಯದು ಎಂದಲ್ಲ, ಹೆಚ್ಚಾದರೆ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ. ಮೊದಲು ಕಲ್ಲು ಆದದ್ದು ಉಂಟಾ?"

"ಇಲ್ಲ."

"ಈಗ ಏನಾದರೂ ತೊಂದರೆ?"

ಹಾಜಬ್ಬರು ಬೆಂಚಿನ ಉದ್ದಕ್ಕೂ ನೋಡಿದರು. ಒಂಬತ್ತು ಜನರೂ ಕೇಳುತ್ತಿದ್ದರು. ಇವತ್ತಿನ ದಿನ ಇನ್ನೊಂದು ಸುಳ್ಳು ಹೇಳುವುದಿಲ್ಲ ಎಂದು ಅವರು ನಿಶ್ಚಯ ಮಾಡಿಯಾಗಿತ್ತು. "ಹತ್ತು ದಿನದಿಂದ ಬೆಳಿಗ್ಗೆ..." ಎಂದು ಶುರು ಮಾಡಿದರು. ಆ ಕ್ಷಣದಲ್ಲೇ ದೂಮಪ್ಪಣ್ಣನಿಗೆ ಜೋರಾಗಿ ಕೆಮ್ಮು ಬಂತು. ಹಾಜಬ್ಬರ ಮಾತು ಮುಗಿಯುವವರೆಗೂ ಆ ಕೆಮ್ಮು ಬಿಡಲಿಲ್ಲ. ಡಾಕ್ಟರಮ್ಮನ ಕಿವಿಗೆ ಬಿಟ್ಟು ಇನ್ನಾರ ಕಿವಿಗೂ ಏನೂ ಬೀಳಲಿಲ್ಲ.

"ಪುಡಿ ಇವತ್ತೇ ನಿಲ್ಲಬೇಕು. ನೀರು ಚೆನ್ನಾಗಿ ಕುಡಿಯಬೇಕು. ರಕ್ತ, ಮೂತ್ರ ಎರಡೂ ಪರೀಕ್ಷೆ ಮಾಡುತ್ತೇನೆ, ವರದಿ ನೋಡಿ ಮುಂದಿನ ಮಾತು. ದನಕ್ಕೆ ಎಷ್ಟು ಎಂದು ದನದ ಡಾಕ್ಟರನ್ನು ಕೇಳಿ, ನನ್ನನ್ನಲ್ಲ. ಸಿಸ್ಟರ್, ಇವರ ಹೆಸರು ಬರೆದುಕೊಳ್ಳಿ" ಎಂದು ಡಾಕ್ಟರಮ್ಮ ಒಳಗೆ ಹೋದರು.

ಸಿಸ್ಟರ್ ಮೇಜಿನ ಮೇಲಿದ್ದ ದೊಡ್ಡ ರಿಜಿಸ್ಟರ್ ತೆರೆದಳು. ಆ ಆಸ್ಪತ್ರೆಯಲ್ಲಿ ಇದ್ದದ್ದು ಅದೊಂದೇ ರಿಜಿಸ್ಟರ್. ಬೆಳಗಿನಿಂದ ಬರೆದು ಬರೆದು ಅವಳ ಕತ್ತು ನೋಯುತ್ತಿತ್ತು. ತಲೆ ಎತ್ತದೆ ಕೇಳಿದಳು.

"ಹೆಸರು?"

"ಹಾಜಬ್ಬ."

"ಎಷ್ಟು ತಿಂಗಳು?"

"ತಿಂಗಳು ಆಗಲಿಲ್ಲ. ಹದಿನೆಂಟು ದಿನ" ಎಂದರು ಹಾಜಬ್ಬರು, ಸತ್ಯಕ್ಕೆ ಎಳ್ಳಷ್ಟೂ ಕುಂದು ಬಾರದ ಹಾಗೆ.

ಸಿಸ್ಟರ್ ಬರೆದಳು. "ಗಂಡನ ಹೆಸರು?"

ಬೆಂಚಿನಲ್ಲಿ ಯಾರೋ ಸೆರಗು ಬಾಯಿಗಿಟ್ಟುಕೊಂಡರು. ಹಾಜಬ್ಬರು ಟೊಪ್ಪಿ ತಿರುಗಿಸುತ್ತಾ ನೆಲ ನೋಡಿದರು. ಸಿಸ್ಟರಿನ ಪೆನ್ನು ಆ ಖಾಲಿ ಅಂಕಣದ ಮೇಲೆ ಕಾಯುತ್ತಿತ್ತು.

ಕಾಪುವಿನಿಂದ ಮುಚ್ಚಿದ ಬಾಯಿಯನ್ನು ದೂಮಪ್ಪಣ್ಣ ಆಗ ತೆರೆದರು.

"ದೂಮಪ್ಪ ಸಾಲ್ಯಾನ್, ಹೂಡೆ ಎಂದು ಬರೆಯಿರಿ ಸಿಸ್ಟರ್. ಮೂವತ್ತು ವರ್ಷದಿಂದ ಇವರನ್ನು ಸಹಿಸಿಕೊಂಡು ಬಂದವನು ನಾನೇ."